ಹಬ್ಬಿದ ನಗರಕ್ಕೆ ಸರಿಯುವ ಲೆನ್ಸ್: ಕ್ಯಾನನ್ ಟಿಎಸ್-ಇ 24 ಎಂಎಂ

ಟಿಲ್ಟ್-ಶಿಫ್ಟ್ (ಓರೆಯಾಗಿಸಲೂ ಅತ್ತಿತ್ತ ಸರಿಸಲೂ ಬರುವ ಲೆನ್ಸ್) ಎಂದ ಕೂಡಲೇ ನೆನಪಾಗುವುದು ನೆಟ್ಟಗೆ ನಿಂತ ಗೋಪುರಗಳು, ಇಲ್ಲವೇ ಆಟಿಕೆಯಂತೆ ಕಾಣುವ ಕಾರುಗಳು. ಎರಡನೆಯದನ್ನು ಈಗ ಮೊಬೈಲೇ ಮಾಡಿಕೊಡುತ್ತದೆ. ಅದಕ್ಕಾಗಿ ಇದನ್ನು ಕೊಳ್ಳಬೇಡಿ. ದಿಗಂತದವರೆಗೆ ಹಬ್ಬಿದ ನಗರವನ್ನು ಎತ್ತರದಿಂದ ತೆಗೆದು ಗೋಡೆಯಗಲ ಪ್ರಿಂಟ್ ಹಾಕಿಸುವವರಿಗೆ, 2009ರಲ್ಲಿ ಬಂದ ಈ ಎಫ್/3.5 ಎಲ್ ಲೆನ್ಸಿನ ಎರಡನೇ ಆವೃತ್ತಿ ಇವತ್ತಿಗೂ ಒಳ್ಳೆಯ ಆಯ್ಕೆ. ಅದರ ಬಲ ಇರುವುದು ಮೇಲಕ್ಕೆ ಸರಿಸುವುದಕ್ಕಿಂತ ಕೆಳಕ್ಕೂ ಪಕ್ಕಕ್ಕೂ ಸರಿಸುವುದರಲ್ಲಿ.

ಎತ್ತರದ ಮಹಡಿಯಲ್ಲಿ ನಿಂತು ಕ್ಯಾಮೆರಾವನ್ನು ಕೆಳಕ್ಕೆ ಬಗ್ಗಿಸಿದರೆ ಕಟ್ಟಡಗಳು ಬುಡದಲ್ಲಿ ಕಿರಿದಾಗಿ, ಅಂಚಿನವು ಹೊರಕ್ಕೆ ವಾಲುತ್ತವೆ. ಬಗ್ಗಿಸದಿದ್ದರೆ ಅರ್ಧ ಚಿತ್ರ ಆಕಾಶದ ಪಾಲು. ಕ್ಯಾಮೆರಾ ಮಟ್ಟವಾಗಿಟ್ಟು ಲೆನ್ಸನ್ನು ಮಾತ್ರ ಇಳಿಸುವುದು ಇದಕ್ಕೆ ಉಪಾಯ. ಶಿಫ್ಟ್ ಎರಡೂ ಕಡೆಗೆ 12 ಎಂಎಂ, ಫುಲ್‌ಫ್ರೇಮ್ (36×24 ಎಂಎಂ) ಸೆನ್ಸರಿನ ಎತ್ತರ 24. ಹಾಗಾಗಿ ಅಡ್ಡ ಫ್ರೇಮಿನಲ್ಲಿ ಪೂರ್ತಿ ಇಳಿಸಿದರೆ ದಿಗಂತ ಸರಿಯಾಗಿ ಮೇಲಂಚಿಗೆ ಬಂದು ಕೂರುತ್ತದೆ. 10ಕ್ಕೆ ನಿಲ್ಲಿಸಿ: ಮೇಲೆ ಆಕಾಶದ ತೆಳು ಪಟ್ಟಿ, ಅದರ ಕೆಳಗೆಲ್ಲ ತಾರಸಿ, ನೀರಿನ ಟ್ಯಾಂಕು, ಡಿಶ್ ಆಂಟೆನಾಗಳ ಹಾಸು.

ಇಮೇಜ್ ಸರ್ಕಲ್, ಅಂದರೆ ಲೆನ್ಸ್ ಒಳಗೆ ಮೂಡಿಸುವ ಚಿತ್ರದ ವೃತ್ತ, 67.2 ಎಂಎಂ ಇರುವುದರಿಂದ ಪಕ್ಕಕ್ಕೂ ಧಾರಾಳ ಜಾಗವಿದೆ. ಎಡಕ್ಕೆ 12, ನಡುವೆ 0, ಬಲಕ್ಕೆ 12 ಎಂದು ಮೂರು ಫ್ರೇಮು ತೆಗೆದು ಜೋಡಿಸಿದರೆ 60×24 ಎಂಎಂ ಸೆನ್ಸರಿನಿಂದ ತೆಗೆದ ಚಿತ್ರವೇ ಕೈಗೆ ಬಂದಂತೆ. ಕ್ಯಾಮೆರಾ ತಿರುಗಿಸುತ್ತ ತೆಗೆದು ಜೋಡಿಸುವ ಸಿಲಿಂಡರ್ ಪನೋರಮಾದಲ್ಲಿ ಬಿಲ್ಲಿನಂತೆ ಬಾಗುವ ರಸ್ತೆ ಇಲ್ಲಿ ನೇರವಾಗಿಯೇ ಉಳಿಯುತ್ತದೆ. ತೊಡಕೆಂದರೆ ಶಿಫ್ಟ್‌ಗೆ ಇರುವುದು ಒಂದೇ ಅಕ್ಷ. ಪಕ್ಕಕ್ಕೆ ಸರಿಸಿದರೆ ದಿಗಂತ ಮತ್ತೆ ನಡುವಿಗೆ ಬರುತ್ತದೆ. ಇದಕ್ಕೆ ಅಕ್ಷವನ್ನೇ ಅಡ್ಡಗೆರೆಯಿಂದ 30 ಡಿಗ್ರಿ ಕೆಳಕ್ಕೆ ತಿರುಗಿಸಿ 12 ಎಂಎಂ ಸರಿಸಿ, ಆಮೇಲೆ ಇನ್ನೊಂದು ಬದಿಗೂ ಹಾಗೆಯೇ ಮಾಡಿ. ಒಂದೊಂದು ಫ್ರೇಮೂ ಪಕ್ಕಕ್ಕೆ 10.4, ಕೆಳಕ್ಕೆ 6 ಎಂಎಂ ಹೋಗುತ್ತದೆ. ಜೋಡಿಸಲು ನಡುವೆ 15 ಎಂಎಂ ಸಿಗುತ್ತದೆ. ಮೂಲೆಗಳು ಆಗ ಸರ್ಕಲ್ಲಿನ ಅಂಚನ್ನೇ ಮುಟ್ಟುವುದರಿಂದ ಮಬ್ಬಾಗುತ್ತವೆ. ಅಪರ್ಚರ್ (ಬೆಳಕಿನ ಕಿಂಡಿ) ಎಫ್/11ರಲ್ಲಿ ಇಡಿ, ಎಫ್/16 ದಾಟಿದರೆ ಡಿಫ್ರಾಕ್ಷನ್ನಿನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರದ ಮೊನಚು ಹೋಗುತ್ತದೆ.

ಎಕ್ಸ್‌ಪೋಶರನ್ನು ಶಿಫ್ಟ್ 0ಯಲ್ಲಿರುವಾಗಲೇ ಅಳೆದು ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಬೇಕು, ಸರಿಸಿದ ಮೇಲೆ ಡಿಎಸ್‌ಎಲ್‌ಆರ್‌ನ ಮೀಟರು ತಪ್ಪು ಹೇಳುತ್ತದೆ. ವೈಟ್ ಬ್ಯಾಲೆನ್ಸೂ ಆಟೋದಲ್ಲಿ ಬೇಡ. ಇನ್ನೊಂದು ಎಚ್ಚರ: ಸರಿಯುವುದು ಲೆನ್ಸಾದ್ದರಿಂದ ನೋಟದ ಬಿಂದುವೂ ಒಟ್ಟು 24 ಎಂಎಂ ಜರುಗುತ್ತದೆ. ದೂರದ ತಾರಸಿಗಳಿಗೆ ಇದು ಲೆಕ್ಕಕ್ಕಿಲ್ಲ, ಆದರೆ ಫ್ರೇಮಿನೊಳಗೆ ಬಾಲ್ಕನಿಯ ಕಂಬಿಯೋ ಹತ್ತಿರದ ತಂತಿಯೋ ಇದ್ದರೆ ಎಂಥ ಸಾಫ್ಟ್‌ವೇರಿನಲ್ಲೂ ಜೋಡಣೆ ಕೂರುವುದಿಲ್ಲ. ಟ್ರೈಪಾಡನ್ನು ಕಂಬಿಗೆ ಒತ್ತಿ ನಿಲ್ಲಿಸಿ, ಇಲ್ಲವೇ ಲೆನ್ಸನ್ನು ಹಿಡಿದು ಕ್ಯಾಮೆರಾವನ್ನು ಸರಿಯಗೊಡುವ ಕಾಲರ್ ಬಳಸಿ.

ಫೋಕಸಿನ ತಲವನ್ನು ಓರೆಯಾಗಿಸುವ ಟಿಲ್ಟ್ 8.5 ಡಿಗ್ರಿವರೆಗೆ ಇದೆ, ಆದರೆ ತಾರಸಿಯಿಂದ ತೆಗೆಯುವಾಗ ಅದರ ಉಪಯೋಗ ಸೊನ್ನೆ. ನೆಲದಿಂದ ಲೆನ್ಸಿನ ಎತ್ತರ 1.5 ಮೀಟರ್ ಇದ್ದರೆ ನೆಲವಿಡೀ ಫೋಕಸಿಗೆ ಬರಲು ಸುಮಾರು 0.9 ಡಿಗ್ರಿ ಸಾಕು. 15 ಮೀಟರಿಗೆ ಅದರ ಹತ್ತನೇ ಒಂದು, ಕೈಯಿಂದ ಹೊಂದಿಸಲಾಗದಷ್ಟು ಸಣ್ಣದು. 0ಯಲ್ಲಿಟ್ಟು ಲಾಕ್ ಹಾಕಿಬಿಡಿ. ಲಾಕ್ ಮರೆತು ಒಂದು ಕೂದಲಷ್ಟು ಓರೆಯಾದರೂ ಚಿತ್ರದ ಒಂದಂಚು ಮಸುಕಾಗುತ್ತದೆ. ಕ್ಯಾಮೆರಾದ ಪರದೆಯಲ್ಲಿ ಇದು ಗೊತ್ತಾಗುವುದೇ ಇಲ್ಲ, ಒಂದು ಮೀಟರಿನ ಪ್ರಿಂಟಿನಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಅದೇ.

ಕೊರತೆಗಳೂ ಇವೆ. ಆಟೋಫೋಕಸ್ ಇಲ್ಲ; ಲೈವ್ ವ್ಯೂ (ಕ್ಯಾಮೆರಾ ಪರದೆಯ ನೇರ ನೋಟ) ಹಿಗ್ಗಿಸಿ ಕೈಯಿಂದಲೇ ಹೊಂದಿಸಬೇಕು. ತಿರುಪುಗಳು ತೀರಾ ಚಿಕ್ಕವು. 780 ಗ್ರಾಂ ತೂಕವಿದೆ, ಶಿಫ್ಟ್ ಲಾಕ್ ಬಿಗಿಯದಿದ್ದರೆ ಸಂಜೆಯ ದೀರ್ಘ ಎಕ್ಸ್‌ಪೋಶರಿನ ನಡುವೆ ಜಾರಿದರೂ ಜಾರಬಹುದು. ಫಿಲ್ಟರ್ 82 ಎಂಎಂ. ದಪ್ಪ ಅಂಚಿನದಾದರೆ ಪೂರ್ತಿ ಶಿಫ್ಟ್‌ನಲ್ಲಿ ಮೂಲೆ ಕಪ್ಪಾಗುತ್ತದೆ.

ಕೈಯಲ್ಲೇ ಹಿಡಿದು ಬೀದಿ ಸುತ್ತುವವರಿಗೆ ಇದು ಬರೀ ಭಾರ. ಚಿತ್ರ ಪರದೆಯಲ್ಲಷ್ಟೇ ಉಳಿಯುವುದಾದರೆ ಸಾಫ್ಟ್‌ವೇರಿನಲ್ಲಿ ಗೆರೆ ನೆಟ್ಟಗೆ ಮಾಡಿಕೊಂಡರೂ ನಡೆಯುತ್ತದೆ: ಅದು ಒಂದಂಚಿನ ಪಿಕ್ಸೆಲ್‌ಗಳನ್ನು ಎಳೆದು ಹಿಗ್ಗಿಸುತ್ತದೆ, ಆ ಅಳತೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.