ಕಸ್ಟಮೈಜ್: ಒಂದೇ ಸೆಟ್ಟಿಂಗನ್ನು ಹತ್ತು ಕಡೆ ಬರೆಯುವವರಿಗೆ

ಹಲವು ಸರ್ವರುಗಳಲ್ಲಿ ಆ್ಯಪ್‌ಗಳನ್ನು ನಡೆಸುವ ವ್ಯವಸ್ಥೆಯಾದ ಕುಬರ್ನೆಟಿಸ್ ಬಳಸುವ ತಂಡಗಳಲ್ಲಿ ಟೆಸ್ಟಿಂಗ್‌ಗೊಂದು, ಪ್ರೊಡಕ್ಷನ್‌ಗೊಂದು ಎಂದು ಯಾಮಲ್ (ಸೆಟ್ಟಿಂಗುಗಳನ್ನು ಬರೆಯುವ ಪಠ್ಯರೂಪ) ಫೈಲುಗಳ ನಕಲುಗಳು ಹೆಚ್ಚಿದಂತೆಲ್ಲ, ಒಂದರಲ್ಲಿ ತಿದ್ದಿದ ಪೋರ್ಟ್ ಸಂಖ್ಯೆ ಇನ್ನೊಂದರಲ್ಲಿ ಹಳೆಯದಾಗಿಯೇ ಉಳಿದುಬಿಡುತ್ತದೆ. ಇದನ್ನು ತಪ್ಪಿಸುವ ಸಾಧನವಾದ ಕಸ್ಟಮೈಜ್‌ನಲ್ಲಿ ಎಲ್ಲಕ್ಕೂ ಸಮಾನವಾದ ಸೆಟ್ಟಿಂಗುಗಳು ‘ಬೇಸ್’ ಫೋಲ್ಡರಿನಲ್ಲಿರುತ್ತವೆ. ಟೆಸ್ಟಿಂಗ್, ಪ್ರೊಡಕ್ಷನ್‌ಗಳ ಆಯಾ ‘ಓವರ್‌ಲೇ’ ಫೋಲ್ಡರಿನಲ್ಲಿ ವ್ಯತ್ಯಾಸಗಳನ್ನಷ್ಟೇ ಬರೆದರೆ ಸಾಕು. ಇದೇ ಕೆಲಸಕ್ಕೆ ಬಳಸುವ ಇನ್ನೊಂದು ಸಾಧನವಾದ ಹೆಲ್ಮ್‌ನಲ್ಲಿರುವಂಥ ಟೆಂಪ್ಲೇಟುಗಳು (ಮೌಲ್ಯಗಳನ್ನು ಆಮೇಲೆ ತುಂಬುವ ಮಾದರಿಗಳು) ಇಲ್ಲದ ಕಾರಣ ಫೈಲುಗಳು ಕೊನೆಯವರೆಗೂ ಓದಬಲ್ಲ ಯಾಮಲ್ ಆಗಿಯೇ ಉಳಿಯುತ್ತವೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಆ್ಯಪ್‌ನ ಸೆಟ್ಟಿಂಗುಗಳನ್ನು ಹಿಡಿದಿಡುವ ‘ಕಾನ್ಫಿಗ್‌ಮ್ಯಾಪ್’ ಅನ್ನು ತಯಾರಿಸುವ ಕಾನ್ಫಿಗ್‌ಮ್ಯಾಪ್ ಜನರೇಟರ್. ಅದು ಸೆಟ್ಟಿಂಗುಗಳಿಂದಲೇ ಲೆಕ್ಕಹಾಕಿದ ಹ್ಯಾಶ್ (ಸೆಟ್ಟಿಂಗು ಬದಲಾದರೆ ತಾನೂ ಬದಲಾಗುವ ಗುರುತು) ಒಂದನ್ನು ಕಾನ್ಫಿಗ್‌ಮ್ಯಾಪ್‌ನ ಹೆಸರಿನ ಕೊನೆಗೆ ಸೇರಿಸಿ, ಆ ಹೆಸರನ್ನು ಉಲ್ಲೇಖಿಸುವ ಕಡೆಗಳಲ್ಲೂ ತಾನೇ ಬದಲಿಸುವುದರಿಂದ, ಬದಲಾದ ಮೌಲ್ಯವನ್ನು ಅನ್ವಯಿಸಿದೊಡನೆ ಆ್ಯಪನ್ನು ನಡೆಸುವ ಡಿಪ್ಲಾಯ್‌ಮೆಂಟ್ ಹೊಸ ಪಾಡ್‌ಗಳನ್ನು (ಆ್ಯಪ್‌ನ ಚಾಲನೆಯಲ್ಲಿರುವ ಪ್ರತಿಗಳನ್ನು) ಆರಂಭಿಸುತ್ತದೆ. ಹಳೆಯ ಮೌಲ್ಯವನ್ನೇ ಹಿಡಿದು ಕುಳಿತ ಪಾಡನ್ನು ಹುಡುಕುವ ಕೆಲಸ ತಪ್ಪುತ್ತದೆ.

ಆದರೆ ಒಂದೇ ಮೌಲ್ಯ ಡಿಪ್ಲಾಯ್‌ಮೆಂಟ್, ಸರ್ವಿಸ್ (ಪಾಡ್‌ಗಳಿಗೆ ಸ್ಥಿರ ವಿಳಾಸ), ಇನ್‌ಗ್ರೆಸ್ (ಹೊರಗಿನಿಂದ ಬರುವ ದಾರಿ) ಮೂರರಲ್ಲೂ ಬರಬೇಕಾದಾಗ ಬರೆಯಬೇಕಾದ ‘ರಿಪ್ಲೇಸ್‌ಮೆಂಟ್ಸ್’ ಭಾಗ ಬೇಸರ ತರಿಸುವಷ್ಟು ಉದ್ದ. ಒಂದು ಸಂಖ್ಯೆಗಾಗಿ ಇಷ್ಟೊಂದು ಸಾಲುಗಳೇ ಎನ್ನಿಸದಿರದು. ಕುಬರ್ನೆಟಿಸ್‌ನ 2019ರ 1.14 ಆವೃತ್ತಿಯಿಂದ ಕಸ್ಟಮೈಜ್ ಅದರ ಆದೇಶ ಸಾಧನವಾದ ಕ್ಯೂಬ್‌ಸಿಟಿಎಲ್‌ನೊಳಗೇ ಬರುತ್ತದೆಯಾದರೂ, 1.20ರವರೆಗೂ ಅಲ್ಲಿದ್ದದ್ದು ಕಸ್ಟಮೈಜ್‌ನ ಹಳೆಯ 2.0.3 ಆವೃತ್ತಿಯೇ. ಆ ಕಾಲದ ಕ್ಲಸ್ಟರುಗಳನ್ನು (ಕುಬರ್ನೆಟಿಸ್ ನಡೆಸುವ ಸರ್ವರ್ ಗುಂಪುಗಳನ್ನು) ಇನ್ನೂ ನೋಡಿಕೊಳ್ಳುವವರು ಕಸ್ಟಮೈಜ್ ಅನ್ನು ಪ್ರತ್ಯೇಕವಾಗಿಯೇ ಇನ್‌ಸ್ಟಾಲ್ ಮಾಡಿಕೊಳ್ಳುವುದು ಒಳ್ಳೆಯದು.