ಮಡಚುವ ಗರಗಸ: ಹಲವು ಮಳೆಗಾಲ ಬಳಸಿದ ಮೇಲೆ

ಟೆಂಟ್ ಹಾಕಲು ಹೋಗುವವರಿಗೆ ಕತ್ತಿ ಸಾಲದಾ, ಗರಗಸ ಯಾಕೆ ಅಂತ ನಮ್ಮೂರಲ್ಲಿ ಸುಮಾರು ಜನ ಕೇಳುತ್ತಾರೆ. ಕತ್ತಿ ಬೀಸಲು ಜಾಗ ಬೇಕು, ಕೈ ಪಳಗಿರಬೇಕು. ಮಳೆಯಲ್ಲಿ ಹಿಡಿ ಜಾರಿದರೆ ಏಟು ಕಾಲಿಗೇ. ಗರಗಸವಾದರೆ ಕೂತಲ್ಲೇ ಕೊಯ್ಯಬಹುದು.

ನನ್ನದು 7 ಇಂಚು ಅಲಗಿನ ಮಡಚುವ ಗರಗಸ. ಶಿವಮೊಗ್ಗದ ಅಂಗಡಿಯಲ್ಲಿ 500 ರೂಪಾಯಿ ಆಸುಪಾಸಿಗೆ ಸಿಕ್ಕಿತು. ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟಕ್ಕೂ ಇದೇ, ಗೆಳೆಯರು ಬಂದು ಬೇಣದಲ್ಲಿ (ಹುಲ್ಲು ಬೆಳೆಯುವ ಬಯಲಲ್ಲಿ) ಟೆಂಟ್ ಹಾಕಿದಾಗಲೂ ಇದೇ. ಮಳೆಗಾಲದಲ್ಲಿ ದಾರಿಗೆ ಕೊಂಬೆ ಬೀಳುವುದು ಮಾಮೂಲಿ, ಹಾಗಾಗಿ ಬೈಕಿನಲ್ಲೂ ಇಟ್ಟುಕೊಳ್ಳುತ್ತೇನೆ.

ಇದರ ಹಲ್ಲು ಕೊಯ್ಯುವುದು ಎಳೆಯುವಾಗ. ಎಳೆದಾಗ ಅಲಗು ನೆಟ್ಟಗೆ ನಿಲ್ಲುತ್ತದೆ, ಅದಕ್ಕೇ ತೆಳುವಾಗಿದ್ದರೂ ಸಾಕು. ತಳ್ಳುವಾಗ ಬಲ ಹಾಕಿದರೆ ಬಾಗುತ್ತದೆ. ಹೊಸಬರ ಕೈಯಲ್ಲಿ ಅಲಗು ಮುರಿಯುವುದು ಹೀಗೆ. 3 ಇಂಚು ದಪ್ಪದ ಅಕೇಶಿಯಾ ಕೊಂಬೆ ಸಲೀಸು. 4 ದಾಟಿದರೆ ಅಲಗು ಹಿಂದೆ ಮುಂದೆ ಓಡಾಡಲು ಜಾಗವೇ ಇರಲ್ಲ, ಪುಡಿ ಒಳಗೇ ಕೂತು ಬಿಗಿಯುತ್ತದೆ. ದಪ್ಪ ಹಲ್ಲು ಹಸಿ ಮರಕ್ಕೆ ಚೆಂದ. ಬಿದಿರಿಗೆ ಸಣ್ಣ ಹಲ್ಲಿನದೇ ಬೇಕು, ಇಲ್ಲದಿದ್ದರೆ ಸಿಬಿರು ಏಳುತ್ತದೆ.

ಕೊಳ್ಳುವಾಗ ನಾನು ಮೊದಲು ನೋಡುವುದು ಲಾಕ್. ಗೆಳೆಯನೊಬ್ಬ ಆನ್‌ಲೈನ್‌ನಲ್ಲಿ ತೀರಾ ಅಗ್ಗದ್ದು ತರಿಸಿದ್ದ. ಕೊಯ್ಯುತ್ತಿದ್ದಾಗಲೇ ಲಾಕ್ ಬಿಟ್ಟು ಅಲಗು ಬೆರಳಿನ ಮೇಲೆ ಮಡಚಿತು. ಅದರ ಅಲಗು ಮಡಚುವ ಜಾಗಕ್ಕೆ ರಿವೆಟ್ (ಬಿಚ್ಚಲು ಬಾರದ ಮೊಳೆ) ಹೊಡೆದಿದ್ದರು, ಸಡಿಲವಾದರೆ ಬಿಗಿ ಮಾಡುವ ದಾರಿಯೇ ಇಲ್ಲ. ಬೋಲ್ಟ್ ಇರುವುದನ್ನೇ ಆರಿಸಿ. ಅಂಗಡಿಯಲ್ಲೇ ಬಿಡಿಸಿ, ಲಾಕ್ ಹಾಕಿ, ಅಲಗು ಅಲ್ಲಾಡುತ್ತದಾ ನೋಡಿ.

ಇನ್ನೊಂದು ಮುಖ್ಯ ವಿಷಯ. ಹಲ್ಲಿನ ತುದಿ ಮಾತ್ರ ನೀಲಿ ಮಿಶ್ರಿತ ಕಪ್ಪಾಗಿದ್ದರೆ ಅದನ್ನು ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ. ತುಂಬಾ ದಿನ ಹರಿತ ಉಳಿಯುತ್ತದೆ, ಆದರೆ ಮೊಂಡಾದ ಮೇಲೆ ಅರ ಹಾಕಿ ಮಸೆಯಲು ಆಗುವುದಿಲ್ಲ. ಹೊಸ ಅಲಗೇ ಗತಿ. ಆದ್ದರಿಂದ ಬಿಡಿ ಅಲಗು ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಕಾಡಿನ ಮಾತನ್ನೂ ಹೇಳಲೇಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಆಗುಂಬೆ ಕೆಳಗಿನ ಸೋಮೇಶ್ವರ ಅಭಯಾರಣ್ಯ, ಇಲ್ಲೆಲ್ಲ 1972ರ ವನ್ಯಜೀವಿ ಕಾಯ್ದೆ ಇದೆ. ಒಣಗಿದ್ದು ಅಲ್ವಾ ಅಂತ ಒಂದು ಕೊಂಬೆಯನ್ನೂ ಮುಟ್ಟಬೇಡಿ. ಸ್ವಂತ ಜಮೀನು, ಇಲ್ಲವೇ ಒಪ್ಪಿಗೆ ಕೊಟ್ಟ ಹೋಂಸ್ಟೇ ಅಂಗಳ, ಅಷ್ಟೇ.

ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ಪಕ್ಕದಲ್ಲಿರುವ ನಮಗೆ ತುಕ್ಕೇ ದೊಡ್ಡ ಶತ್ರು. ಒದ್ದೆ ಅಲಗನ್ನು ಮಡಚಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಗಾಗಿರುತ್ತದೆ. ಒರೆಸಿ, ಹೊಲಿಗೆ ಮಿಷನ್ ಎಣ್ಣೆ ತೆಳ್ಳಗೆ ಸವರಿ, ಒಲೆಯ ಹತ್ತಿರ ತೂಗುಹಾಕುತ್ತೇನೆ. ಹಲಸಿನ ಮೇಣ ಅಂಟಿದ್ದರೆ ಮಾತ್ರ ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಬ್ರಷ್‌ನಲ್ಲಿ ಹಲ್ಲಿನ ಸಂದಿ ಉಜ್ಜಬೇಕು.