ಓಟವೋ ಊಟವೋ? ತೂಕ ಇಳಿಸುವ ದಾರಿಗಳನ್ನು ಮಾಡಿ ನೋಡಿ ಬರೆದ ಹೋಲಿಕೆ

ತೂಕ ಇಳಿಸುವ ವಿಷಯದಲ್ಲಿ ಸಲಹೆಗಳಿಗೆ ಬರವಿಲ್ಲ. ಓಡಿದರೆ ಸಾಕು, ಏನು ಬೇಕಾದರೂ ತಿನ್ನಬಹುದು ಅನ್ನುವವರಿದ್ದಾರೆ. ಓಡಿ ಏನೂ ಪ್ರಯೋಜನವಿಲ್ಲ, ಬಾಯಿ ಕಟ್ಟಿದರೆ ತೂಕ ತಾನಾಗಿ ಇಳಿಯುತ್ತದೆ ಅನ್ನುವವರೂ ಇದ್ದಾರೆ. ಓಟದಲ್ಲೇ ಮೂರು ಪಂಗಡ, ಊಟದಲ್ಲಿ ಇನ್ನೂ ಜಾಸ್ತಿ. ಇವುಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ, ದೇಹ ಒಗ್ಗಿಕೊಳ್ಳುವಷ್ಟು ಕಾಲ ಮಾಡಿ ನೋಡಿದ್ದೇನೆ. ನನಗೆ ಏನು ಕಂಡಿತು ಅನ್ನುವುದನ್ನು ಇಲ್ಲಿ ಪಕ್ಕಪಕ್ಕದಲ್ಲಿಟ್ಟು ಹೇಳುತ್ತೇನೆ.

ಎಲ್ಲದಕ್ಕೂ ನಾನು ಇಟ್ಟುಕೊಂಡ ಅಳತೆ ಒಂದೇ: ಮರುದಿನ ಹೇಗಿದ್ದೇನೆ? ಕಾಲು ಮತ್ತೆ ಓಡಲು ಒಪ್ಪುತ್ತದಾ, ಹಸಿವು ಹತೋಟಿಯಲ್ಲಿದೆಯಾ, ಇದನ್ನೇ ಇನ್ನೊಂದು ದಿನ ಮಾಡಲು ಮನಸ್ಸು ಬರುತ್ತದಾ? ತೂಕ ಇಳಿಯುವುದಕ್ಕೆ ತಿಂಗಳುಗಳು ಬೇಕು. ಮರುದಿನಕ್ಕೇ ಕೈಕೊಡುವ ದಾರಿ ಅಷ್ಟು ದೂರ ಬರುವುದಿಲ್ಲ.

ತೂಕ ನೋಡುವ ಕ್ರಮದ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿಬಂದ ಮೇಲೆ, ಏನೂ ತಿನ್ನುವ ಮೊದಲು ನೋಡಬೇಕು. ಒಂದು ದಿನದ ಅಂಕಿಯನ್ನು ನಂಬದೆ ವಾರದ ಸರಾಸರಿ ತೆಗೆಯಬೇಕು. ದೇಹ ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಎಂಬ ಸಕ್ಕರೆ ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ದಿನ ಊಟ ಹೆಚ್ಚುಕಮ್ಮಿಯಾದರೂ ತೂಕ ಒಂದು ಕಿಲೋ ಆಚೀಚೆ ಆಗಬಹುದು. ಅದು ಬರೀ ನೀರಿನ ಓಡಾಟ, ಕೊಬ್ಬಿನದಲ್ಲ.

ಬರೀ ಓಟ, ಬರೀ ಪಥ್ಯ

ಮೊದಲು ಲೆಕ್ಕ ನೋಡೋಣ. ಓಡುವಾಗ ಒಂದು ಕಿಲೋಮೀಟರಿಗೆ, ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 1 ಕ್ಯಾಲೊರಿ ಖರ್ಚಾಗುತ್ತದೆ. 70 ಕಿಲೋ ಇರುವವರು 5 ಕಿಲೋಮೀಟರ್ ಓಡಿದರೆ 350 ಕ್ಯಾಲೊರಿ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಇರುವುದು ಸುಮಾರು 7,700 ಕ್ಯಾಲೊರಿ. ಅಂದರೆ ಊಟ ಒಂದಿಷ್ಟೂ ಹೆಚ್ಚಾಗದೆ, 5 ಕಿಲೋಮೀಟರಿನ 22 ಓಟಗಳಾದ ಮೇಲೆ ಒಂದು ಕಿಲೋ. ಇನ್ನೊಂದು ಕಡೆ, ದೊಡ್ಡ ಚಮಚದ ಒಂದು ಚಮಚ ಅಡುಗೆ ಎಣ್ಣೆಯಲ್ಲೇ 120 ಕ್ಯಾಲೊರಿ ಇರುತ್ತದೆ. ಬಾಣಲೆಗೆ ಮೂರು ಚಮಚ ಜಾಸ್ತಿ ಬಿದ್ದರೆ ಆ ದಿನದ ಓಟ ಅಲ್ಲಿಗೇ ಮುಗಿಯಿತು.

ಬರೀ ಓಟದ ದಿನಗಳಲ್ಲಿ ನನಗೆ ಕಂಡದ್ದೂ ಇದೇ. ಉಸಿರು ಸುಧಾರಿಸಿತು, ಮೆಟ್ಟಿಲು ಹತ್ತುವುದು ಸಲೀಸಾಯಿತು, ರಾತ್ರಿ ಒಳ್ಳೆಯ ನಿದ್ದೆ. ಆದರೆ ವೇಯಿಂಗ್ ಮಷಿನ್ ಮುಳ್ಳು ಅಲುಗಲೇ ಇಲ್ಲ ಅನ್ನುವಷ್ಟು ನಿಧಾನ. ಓಡಿ ಬಂದ ತಕ್ಷಣ ಹಸಿವೇ ಇರುವುದಿಲ್ಲ. ಮೂರು ನಾಲ್ಕು ಗಂಟೆ ಕಳೆದ ಮೇಲೆ ಬರುವ ಹಸಿವು ಮಾತ್ರ ಜೋರು. ಓಡಿದ್ದೀನಲ್ಲ ಅನ್ನುವ ಧೈರ್ಯವೂ ಜೊತೆಗೆ ಸೇರಿ, ತಟ್ಟೆಗೆ ಬಡಿಸಿಕೊಳ್ಳುವ ಕೈ ಸಡಿಲವಾಗುತ್ತದೆ.

ಬರೀ ಪಥ್ಯದಲ್ಲಿ ತೂಕ ಬೇಗ ಇಳಿಯಿತು, ಇದರಲ್ಲಿ ಎರಡು ಮಾತಿಲ್ಲ. ಬಟ್ಟೆ ಸಡಿಲವಾಯಿತು. ಆದರೆ ಮೆಟ್ಟಿಲ ಮೇಲಿನ ಏದುಸಿರು ಹಾಗೆಯೇ ಉಳಿಯಿತು, ಮಧ್ಯಾಹ್ನದ ಮೇಲೆ ಸುಸ್ತು. ವ್ಯಾಯಾಮವಿಲ್ಲದೆ ಊಟ ಮಾತ್ರ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕವೊಂದೇ ಗುರಿಯಾದರೆ ಪಥ್ಯ ಗೆಲ್ಲುತ್ತದೆ. ಗಟ್ಟಿಮುಟ್ಟಾಗಬೇಕು ಅನ್ನುವುದೂ ಗುರಿಯಾದರೆ ಓಟವನ್ನು ಬಿಡುವ ಹಾಗಿಲ್ಲ. ನನಗೆ ಎರಡೂ ಬೇಕಿತ್ತು. ಆದ್ದರಿಂದ ಯಾವ ಓಟಕ್ಕೆ ಯಾವ ಊಟ ಅನ್ನುವುದೇ ನಿಜವಾದ ಪ್ರಶ್ನೆಯಾಯಿತು.

ಮೂರು ಬಗೆಯ ಓಟ

ನಿಲ್ಲದೆ ನಿಧಾನವಾಗಿ ಓಡುವುದು ಮೊದಲನೆಯದು. ಹೇಳುವುದಕ್ಕೆ ಸುಲಭ. ಆದರೆ ಹೊಸದಾಗಿ ಓಡುವವರಿಗೆ ನಿಧಾನ ಅನ್ನುವ ವೇಗವೇ ಕಾಲಿಗೆ ಸಿಗುವುದಿಲ್ಲ. ನಡಿಗೆ ಬಿಟ್ಟು ಓಟಕ್ಕೆ ಇಳಿದ ಕೂಡಲೇ ಎದೆಬಡಿತ ಮೇಲೇರುತ್ತದೆ, ನಾಲ್ಕೈದು ನಿಮಿಷಕ್ಕೆ ಬಾಯಲ್ಲಿ ಉಸಿರಾಡುವ ಸ್ಥಿತಿ. ಸರಿಯಾದ ವೇಗ ಯಾವುದು ಅಂತ ತಿಳಿಯಲು ಒಂದು ಸರಳ ಪರೀಕ್ಷೆ ಇದೆ: ಓಡುತ್ತಲೇ ಒಂದು ಪೂರ್ತಿ ವಾಕ್ಯವನ್ನು ಜೋರಾಗಿ ಹೇಳಿ. ಮಧ್ಯದಲ್ಲಿ ಉಸಿರು ತೆಗೆದುಕೊಳ್ಳಬೇಕಾಗಿ ಬಂದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ಶುರುವಿನಲ್ಲಿ ಈ ಪರೀಕ್ಷೆ ಪಾಸಾಗುವ ವೇಗ ಚುರುಕು ನಡಿಗೆಗಿಂತ ಹೆಚ್ಚೇನೂ ಇರುವುದಿಲ್ಲ.

ಇದರಲ್ಲಿ ಮರುದಿನದ ತೊಂದರೆ ಕಾಲಿನದು. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ಕಾಲಿಗೆ ಬರುವ ಹೊಡೆತ ದೇಹದ ತೂಕದ ಎರಡರಿಂದ ಮೂರು ಪಟ್ಟು. ಹೃದಯ, ಶ್ವಾಸಕೋಶ ಬೇಗ ಪಳಗುತ್ತವೆ. ಎಲುಬಿಗೆ, ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಬೇಕು. ಉಸಿರು ಇನ್ನೂ ಓಡು ಅನ್ನುತ್ತದೆ, ಮೊಣಕಾಲ ಕೆಳಗಿನ ಮುಂಭಾಗದ ಎಲುಬಿನ ಪಕ್ಕದಲ್ಲಿ ಮಾತ್ರ ನೋವು ಹತ್ತಿಕೊಳ್ಳುತ್ತದೆ. ತೂಕ ಜಾಸ್ತಿ ಇದ್ದವರಿಗೆ ಇದು ಇನ್ನೂ ಬೇಗ ಬರುತ್ತದೆ.

ಎರಡನೆಯದು ಓಟ–ನಡಿಗೆ ಬೆರೆಸುವ ಕ್ರಮ. ನನ್ನ ಮಟ್ಟಿಗೆ ಗೆದ್ದದ್ದು ಇದೇ, ಅದೂ ದೊಡ್ಡ ಅಂತರದಿಂದ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ ಹೊಸಬರಿಗೆ ಕಲಿಸುತ್ತಾ ಈ ಕ್ರಮವನ್ನು ಬೆಳೆಸಿದರು. 1996ರಲ್ಲಿ ಜೋಶ್ ಕ್ಲಾರ್ಕ್ ರೂಪಿಸಿದ 'ಕೌಚ್ ಟು 5ಕೆ' (ಸೋಫಾದಿಂದ ಎದ್ದು 5 ಕಿಲೋಮೀಟರ್ ಓಡುವವರೆಗೆ) ಅನ್ನುವ ಅಭ್ಯಾಸಕ್ರಮ ಕೂಡ ಇದೇ ಜಾತಿಯದು: ಒಂಬತ್ತು ವಾರ, ವಾರಕ್ಕೆ ಮೂರು ದಿನ. ಮೊದಲ ವಾರ 5 ನಿಮಿಷ ಚುರುಕು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ 20 ನಿಮಿಷ. ಅಷ್ಟೇ.

ಆ 90 ಸೆಕೆಂಡಿನಲ್ಲಿ ಏನಾಗುತ್ತದೆ ಅಂತ ಗಮನಿಸಿ ನೋಡಿ. ಮೊದಲ ಮೂವತ್ತು ಸೆಕೆಂಡ್ ಉಸಿರು ಇನ್ನೂ ಮೇಲೇ ಇರುತ್ತದೆ. ಆಮೇಲೆ ಭುಜ ತಾನಾಗಿ ಕೆಳಗಿಳಿಯುತ್ತದೆ, ಮುಷ್ಟಿ ಸಡಿಲವಾಗುತ್ತದೆ, ಬಗ್ಗಿದ್ದ ಬೆನ್ನು ನೆಟ್ಟಗಾಗುತ್ತದೆ. ಮುಂದಿನ ಓಟ ಆ ನೆಟ್ಟಗಿನ ಬೆನ್ನಿನಿಂದಲೇ ಶುರುವಾಗುತ್ತದೆ. ನಿಲ್ಲದೆ ಓಡುವಾಗ ಕೊನೆಯ ಹತ್ತು ನಿಮಿಷ ಕಾಲೆಳೆದುಕೊಂಡು ಹೋಗುತ್ತೇವಲ್ಲ, ಅದು ಇಲ್ಲಿಲ್ಲ. ಒಂದು ನಿಯಮ ಮಾತ್ರ ಮುಖ್ಯ: ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯಬೇಕು. ಇದೊಂದನ್ನು ಪಾಲಿಸಿದರೆ ಮರುದಿನ ಕಾಲು ಹಗುರ. ಒಂಬತ್ತು ವಾರ ಅನ್ನುವುದನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿಲ್ಲ. ಒಂದು ವಾರದ ಪಾಠ ಕಷ್ಟವಾದರೆ ಅದನ್ನೇ ಮತ್ತೊಂದು ವಾರ ಮಾಡಿ, ಯಾರೂ ಕೇಳುವುದಿಲ್ಲ.

ಮೂರನೆಯದು ಜೋರು ಓಟದ ಇಂಟರ್ವಲ್, ಅಂದರೆ ಸ್ವಲ್ಪ ಹೊತ್ತು ಜೋರಾಗಿ ಓಡಿ, ಸ್ವಲ್ಪ ವಿರಾಮ ತೆಗೆದುಕೊಂಡು ಮತ್ತೆ ಓಡುವುದು. ನಾಲ್ಕು ನಿಮಿಷದಲ್ಲಿ ಕೊಬ್ಬು ಕರಗುತ್ತದೆ ಅಂತ ಇದಕ್ಕೆ ಭಾರಿ ಪ್ರಚಾರ. ಆ ನಾಲ್ಕು ನಿಮಿಷ ಬಂದದ್ದು 1996ರಲ್ಲಿ ಪ್ರಕಟವಾದ ಜಪಾನಿನ ಇಜುಮಿ ತಬಾತಾ ಅವರ ಅಧ್ಯಯನದಿಂದ: 20 ಸೆಕೆಂಡ್ ಪೂರ್ತಿ ಶಕ್ತಿ ಹಾಕಿ, 10 ಸೆಕೆಂಡ್ ವಿರಾಮ, ಏಳೆಂಟು ಸುತ್ತು. ಅದನ್ನು ಮಾಡಿದವರು ವ್ಯಾಯಾಮ ಬಲ್ಲ ಯುವಕರು, ಅದೂ ನಿಂತಲ್ಲೇ ತುಳಿಯುವ ಸೈಕಲ್ ಮೇಲೆ. ಅಳೆದದ್ದು ದಮ್ಮನ್ನು, ತೂಕವನ್ನಲ್ಲ. ನಾನು ಮಾಡಿದಾಗ ದಮ್ಮು ಚೆನ್ನಾಗಿ ಹೆಚ್ಚಿತು, ಆದರೆ ಮರುದಿನ ಕಾಲು ಕಲ್ಲಾಗಿತ್ತು. ಅರ್ಧ ಗಂಟೆ ಆರಾಮಾಗಿ ಓಡಲು ಬಂದ ಮೇಲೆ ವಾರಕ್ಕೊಮ್ಮೆ ಸೇರಿಸಿಕೊಂಡರೆ ಒಳ್ಳೆಯದು. ಶುರುವಿಗೆ ಬೇಡ.

ಟ್ರೆಡ್‌ಮಿಲ್ಲಾ ರಸ್ತೆಯಾ ಅನ್ನುವ ಪ್ರಶ್ನೆಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲಿ ಹೋಗುವುದು ಸುಲಭವೋ ಅದೇ ಸರಿ.

ನಾಲ್ಕು ಬಗೆಯ ಊಟ

ಕ್ಯಾಲೊರಿ ಲೆಕ್ಕ ಹಾಕುವುದು ಎಲ್ಲಕ್ಕಿಂತ ಕರಾರುವಾಕ್ಕು. ಅಡುಗೆಮನೆಯಲ್ಲಿ ಸಣ್ಣ ತಕ್ಕಡಿ, ಫೋನಿನಲ್ಲಿ ಆ್ಯಪ್. ಪಿಷ್ಟ (ಅನ್ನ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್), ಪ್ರೋಟೀನ್ ಎರಡಕ್ಕೂ ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿಗೆ 9. ಈ ಮೂರು ಅಂಕಿ ಗೊತ್ತಿದ್ದರೆ ಪ್ಯಾಕೆಟ್ಟಿನ ಹಿಂಭಾಗ ಓದಲು ಬರುತ್ತದೆ. ಇದು ಕಲಿಸುವಷ್ಟು ಬೇರೆ ಯಾವುದೂ ಕಲಿಸಲಿಲ್ಲ. ಸುಮ್ನೆ ಬಾಯಾಡಿಸುವ ಒಂದು ಹಿಡಿ ಬೀಜಗಳು, 30 ಗ್ರಾಂ ಅಂದುಕೊಳ್ಳಿ, ಹೆಚ್ಚುಕಮ್ಮಿ 170 ಕ್ಯಾಲೊರಿ. ಅದೇ ಕ್ಯಾಲೊರಿಗೆ ಅರ್ಧ ಕಿಲೋಗಿಂತ ಜಾಸ್ತಿ ಸೌತೆಕಾಯಿ, ಟೊಮ್ಯಾಟೊ ತಿನ್ನಬಹುದು. ಬೀಜ ಕೆಟ್ಟದ್ದು ಅಂತಲ್ಲ, ಹಿಡಿಯ ಅಳತೆ ಕಣ್ಣಿಗೆ ಗೊತ್ತಿರಬೇಕು ಅಷ್ಟೇ. ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ಸುರಿಯುವುದಕ್ಕೂ ಚಮಚದಲ್ಲಿ ಅಳೆದು ಹಾಕುವುದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ತಕ್ಕಡಿ ಮೇಲಿಟ್ಟಾಗಲೇ ಗೊತ್ತಾಗುವುದು.

ಆದರೆ ದಿನವಿಡೀ ಲೆಕ್ಕ ಹಾಕುತ್ತಾ ಬದುಕಲು ಆಗುವುದಿಲ್ಲ. ನಾಲ್ಕಾರು ಪದಾರ್ಥ ಸೇರಿಸಿ ಮಾಡಿದ ಅಡುಗೆಯಲ್ಲಿ ನನ್ನ ಪಾಲಿಗೆ ಎಷ್ಟು ಬಂತು? ಬೇರೆಯವರ ಮನೆಯಲ್ಲಿ ಉಂಡರೆ? ಊಟದ ಖುಷಿಯೇ ಹೋಗುತ್ತದೆ. ಮರುದಿನದ ಪರೀಕ್ಷೆಯಲ್ಲಿ ಇದು ಸೋಲುವುದು ಹೊಟ್ಟೆಯ ವಿಷಯದಲ್ಲಲ್ಲ, ಮನಸ್ಸಿನ ವಿಷಯದಲ್ಲಿ.

ಹೊತ್ತು ಕಟ್ಟಿ ತಿನ್ನುವುದು, ಅಂದರೆ ದಿನದ ಎಂಟು ಗಂಟೆಯೊಳಗೆ ಊಟ ಮುಗಿಸಿ ಉಳಿದ ಹದಿನಾರು ಗಂಟೆ ಉಪವಾಸ ಇರುವುದು, ಈಗ ಬಹಳ ಜನ ಮಾಡುತ್ತಿದ್ದಾರೆ. ರಾತ್ರಿ ಬಾಯಾಡಿಸುವ ಚಟ ಇದ್ದವರಿಗೆ ನಿಜವಾಗಲೂ ಉಪಯೋಗ. ಆದರೆ ಬೆಳಿಗ್ಗೆ ಓಡುವವರಿಗೆ ಕಷ್ಟ. ಓಡಿ ಬಂದ ಮೇಲೆ ಮಧ್ಯಾಹ್ನದವರೆಗೆ ಕಾದು, ಆಮೇಲೆ ಊಟಕ್ಕೆ ಕೂತರೆ ಕೈ ತಡೆಯುವುದೇ ಇಲ್ಲ. 2022ರಲ್ಲಿ ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನ ಪ್ರಕಟವಾಯಿತು. ಎರಡೂ ಗುಂಪಿಗೆ ಕ್ಯಾಲೊರಿ ಮಿತಿ ಒಂದೇ, ಒಂದು ಗುಂಪಿಗೆ ಮಾತ್ರ ಎಂಟು ಗಂಟೆಯ ಕಟ್ಟುಪಾಡು. ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನನಗೂ ಹಾಗೇ ಅನ್ನಿಸಿತು: ಕೆಲಸ ಮಾಡುವುದು ಕಡಿಮೆ ತಿಂದದ್ದು, ಗಡಿಯಾರವಲ್ಲ.

ಪಿಷ್ಟ ಬಿಡುವ ಪಥ್ಯದಲ್ಲಿ ಮೊದಲ ವಾರವೇ ತೂಕ ಧಡಕ್ಕನೆ ಇಳಿಯುತ್ತದೆ. ಅದರಲ್ಲಿ ಹೆಚ್ಚಿನದು ಆಗಲೇ ಹೇಳಿದ ನೀರು. ಪಿಷ್ಟ ಸಿಗದೆ ಗ್ಲೈಕೋಜನ್ ಖಾಲಿಯಾದ ಕಾಲಿನಲ್ಲಿ ಓಡುವುದು ಬಲು ಹಿಂಸೆ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 609 ಜನರ ಮೇಲೆ ಒಂದು ವರ್ಷದ ಅಧ್ಯಯನ ಪ್ರಕಟಿಸಿತು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಪಿಷ್ಟ ಕಡಿಮೆ ಮಾಡಿದವರು 6 ಕಿಲೋ ಇಳಿದರು. ಅಷ್ಟು ಸಣ್ಣ ಅಂತರಕ್ಕೆ ಓಟವನ್ನು ಬಲಿಕೊಡಲು ನಾನು ತಯಾರಿಲ್ಲ.

ಕೊನೆಯದು ತಟ್ಟೆಯ ಲೆಕ್ಕ, ನಾನು ಉಳಿಸಿಕೊಂಡದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದವರು 2011ರಲ್ಲಿ ಮುಂದಿಟ್ಟ ಮಾದರಿ ಹೀಗಿದೆ: ಅರ್ಧ ತಟ್ಟೆ ತರಕಾರಿ, ಹಣ್ಣು, ಕಾಲು ಭಾಗ ಪಾಲಿಶ್ ಮಾಡದ ಧಾನ್ಯ, ಇನ್ನು ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನಿನಂಥ ಪ್ರೋಟೀನ್. ತಕ್ಕಡಿ ಬೇಡ, ಆ್ಯಪ್ ಬೇಡ. ಎಲ್ಲಿ ಉಂಡರೂ ಮಾಡಬಹುದು. ನಾನು ಸೇರಿಸಿಕೊಂಡದ್ದು ಒಂದೇ: ತರಕಾರಿಯ ಅರ್ಧವನ್ನು ಮೊದಲು ತಿನ್ನುವುದು. ಅಗಿಯುವುದಕ್ಕೆ ಹೊತ್ತು ಹಿಡಿಯುತ್ತದೆ, ನಾರು ಹೊಟ್ಟೆ ತುಂಬುತ್ತದೆ. ಎರಡನೇ ಸಲ ಬಡಿಸಿಕೊಳ್ಳುವ ಹೊತ್ತಿಗೆ ಆಸೆ ಅರ್ಧ ಇಳಿದಿರುತ್ತದೆ. ಪ್ರೋಟೀನ್ ಕಾಲು ಭಾಗವನ್ನು ಯಾವ ಕಾರಣಕ್ಕೂ ಬಿಡಬೇಡಿ. ತೂಕ ಇಳಿಸುವಾಗ ಸ್ನಾಯು ಉಳಿಯಲು ಅದು ಬೇಕೇ ಬೇಕು.

ಈ ತಟ್ಟೆಯಲ್ಲಿ ಪ್ಯಾಕೆಟ್ ತಿಂಡಿಗೆ ಜಾಗವೇ ಉಳಿಯುವುದಿಲ್ಲ, ಅದು ದೊಡ್ಡ ಲಾಭ. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಒಂದೇ ಕಡೆ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟಿತು. ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮ ಇಟ್ಟಿದ್ದರು, ಬೇಕಾದಷ್ಟು ತಿನ್ನಲು ಬಿಟ್ಟಿದ್ದರು. ಕಾರ್ಖಾನೆಯ ತಿನಿಸಿನಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡೇ ವಾರದಲ್ಲಿ 0.9 ಕಿಲೋ ಏರಿದರು, ಸಾದಾ ಅಡುಗೆಯಲ್ಲಿ ಅಷ್ಟೇ ಇಳಿದರು. ಮೇಲಿನ ಲೆಕ್ಕದಲ್ಲಿ 500 ಕ್ಯಾಲೊರಿ ಅಂದರೆ 7 ಕಿಲೋಮೀಟರ್ ಓಟ. ಅಷ್ಟನ್ನು ಬರೀ ತಿನಿಸು ಬದಲಿಸಿ ಉಳಿಸಬಹುದು ಅಂದರೆ ಎಷ್ಟು ದೊಡ್ಡ ವಿಷಯ ಅಲ್ವಾ?

ನನ್ನ ಜೋಡಿ, ನಿಮ್ಮ ಜೋಡಿ

ಓಟ–ನಡಿಗೆಗೆ ತಟ್ಟೆಯ ಲೆಕ್ಕ, ನಾನು ನಿಂತದ್ದು ಈ ಜೋಡಿಯಲ್ಲಿ. ವಾರಕ್ಕೆ ಮೂರು ದಿನ ಓಟ, ನಡುವೆ ಎರಡು ದಿನ ಬಸ್ಕಿ, ದಂಡದಂಥ ಸ್ನಾಯು ಬಲಪಡಿಸುವ ವ್ಯಾಯಾಮ. ವಾರಕ್ಕೆ ಎರಡು ದಿನವಾದರೂ ಇದು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕಾಲು ಬಲವಾದಷ್ಟೂ ಮೊಣಕಾಲಿನ ದೂರು ಕಡಿಮೆ. ಓಟದ ದಿನ ಹಸಿವು ತಡವಾಗಿ ಬರುತ್ತದೆ ಅಂತ ಗೊತ್ತಿರುವುದರಿಂದ, ಅದು ಬರುವ ಮೊದಲೇ ಮೊಟ್ಟೆ, ಮೊಸರು ಅಥವಾ ಕಾಳು ತಿಂದುಬಿಡುತ್ತೇನೆ. ಈ ಒಂದು ಬದಲಾವಣೆಯಿಂದಲೇ ಓಟವೂ ಊಟವೂ ಒಂದನ್ನೊಂದು ಹಾಳು ಮಾಡುವುದು ನಿಂತಿತು.

ನಿಮಗೆ ಬೇರೆ ಜೋಡಿ ಹೊಂದಬಹುದು. ಅಂಕಿಅಂಶ ಇಷ್ಟವಾದರೆ ಕ್ಯಾಲೊರಿ ಲೆಕ್ಕ ನಿಮಗೆ ಹಿಂಸೆ ಅನ್ನಿಸುವುದಿಲ್ಲ. ಸಂಜೆ ಓಡುವವರಿಗೆ ಹೊತ್ತು ಕಟ್ಟಿ ತಿನ್ನುವುದು ಅಷ್ಟು ಕಷ್ಟವಲ್ಲ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಉಪವಾಸಕ್ಕೆ ಇಳಿಯಬಾರದು. ಮೊಣಕಾಲು ಸವೆದಿದ್ದರೆ, ತೂಕ ತುಂಬಾ ಜಾಸ್ತಿ ಇದ್ದರೆ ಕೆಲವು ತಿಂಗಳು ಚುರುಕು ನಡಿಗೆಯೇ ಸಾಕು. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ತೋರಿಸಿಕೊಳ್ಳಿ.

ಇನ್ನು ತೂಕ ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತುಬಿಡುವುದು ಎಲ್ಲರಿಗೂ ಆಗುತ್ತದೆ. ಹಗುರವಾದ ದೇಹಕ್ಕೆ ಖರ್ಚೂ ಕಡಿಮೆ, ಅದಕ್ಕೇ ಹಾಗೆ. ಆಗ ಓಟವನ್ನು ಎರಡರಷ್ಟು ಮಾಡಲು ಹೋಗಬೇಡಿ, ಕಾಲು ಕೈಕೊಡುತ್ತದೆ. ಮೂರು ನಾಲ್ಕು ವಾರ ಸರಾಸರಿ ಅಲುಗದಿದ್ದರೆ ನಾನು ಆ ಸಣ್ಣ ತಕ್ಕಡಿಯನ್ನು ಒಂದೇ ಒಂದು ವಾರ ಹೊರಗೆ ತೆಗೆಯುತ್ತೇನೆ. ಎಣ್ಣೆ, ಬೀಜ, ಧಾನ್ಯ, ಈ ಮೂರನ್ನು ಮಾತ್ರ ತೂಗುತ್ತೇನೆ. ಹೆಚ್ಚಾಗಿ ಇವುಗಳಲ್ಲಿ ಯಾವುದೋ ಒಂದು ಸದ್ದಿಲ್ಲದೆ ಬೆಳೆದಿರುತ್ತದೆ. ಅದನ್ನು ಹಳೆಯ ಅಳತೆಗೆ ತಂದು ತಕ್ಕಡಿಯನ್ನು ಮತ್ತೆ ಒಳಗಿಡುತ್ತೇನೆ.